ಗೇಟಿನೊಳಗೆ ಉಳಿದ ಹಾರ್ಮೋನಿಯಂ

ಬಟ್ಟೆ ಗೋಡೌನಿನ ಗೇಟಿನೆದುರು, ಲಾರಿಯಲ್ಲಿ ಕೂತು
ಬುಧವಾರ, ಮಧ್ಯಾಹ್ನ

ಪ್ರೀತಿಯ ಗುಬ್ಬೀ,

ನಿನ್ನ ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೊಳ್ಳುತ್ತಿದ್ದೀಯೋ, ಇಲ್ಲ 'ತಾನಾಗೇ ಹೋಗುತ್ತೆ ಬಿಡು' ಎಂದು ಮೆಟ್ಟಿಲು ಹತ್ತಿಳಿಯುತ್ತಿದ್ದೀಯೋ? ನಿನ್ನ ಸೊಸೆ ತಿಳಿದವಳು, ಅವಳು ಹೇಳಿದ್ದನ್ನಾದರೂ ಕೇಳು. ನನ್ನ ದೇಹಕ್ಕೆ ಏನೂ ಆಗಿಲ್ಲ, ತಲೆ ಮಾತ್ರ ಕೆಟ್ಟಿದೆ. ಸ್ಟೇರಿಂಗಿನ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದು ಸಿಟ್ಟಿಗೆ, ವಯಸ್ಸಿಗಲ್ಲ.

ಮೊದಲು ನಿನ್ನ ಮೇಲಿನ ಸಿಟ್ಟು ತೀರಿಸಿಕೊಳ್ಳುತ್ತೇನೆ, ಉಳಿದವರ ಸರದಿ ಆಮೇಲೆ. ಹೋದ ಕಾಗದದಲ್ಲಿ ಬರೆದೆಯಲ್ಲ, 'ಅಣ್ಣಾ, ಆ ಹಾರ್ಮೋನಿಯಂ ಯಾರಿಗಾದ್ರೂ ಕೊಟ್ಬಿಡು, ನನಗಿನ್ನು ಅದರ ಆಸೆ ಇಲ್ಲ' ಎಂದು. ಯಾರಿಗೆ ಕೊಡಲಿ? ದಾರಿಯಲ್ಲಿ ಕೈ ಅಡ್ಡ ಹಿಡಿದವರಿಗೆಲ್ಲ ಕೊಡಲು ಅದೇನು ಲಾರಿಯ ಸೀಟೇ? ನನ್ನ ಸ್ಲೇಟು ಒಡೆದಾಗ ಇನ್ನೊಂದು ಕೊಡಿಸದೆ ಗ್ಯಾರೇಜಿಗೆ ಅಟ್ಟಿದ ಅಪ್ಪ, ನಿನ್ನ ಕೊರಳು ಕೇಳಿ ಕರಗಿ ತಂದ ಪೆಟ್ಟಿಗೆ ಅದು. ನಾನು ಹೊಟ್ಟೆಕಿಚ್ಚು ಪಡಲಿಲ್ಲ. ಪಟ್ಟೆ, ಸ್ವಲ್ಪ. ಆದರೆ ನೀನು ಅದರ ಮುಂದೆ ಕೂತರೆ ಬೀದಿಯ ಗಲಾಟೆ ತಾನಾಗಿ ತಗ್ಗುತ್ತಿತ್ತು, ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದೆ.

ಹೋದವರ ಬಗ್ಗೆ ಆಡಬಾರದು ಎನ್ನುತ್ತಾರೆ, ನಾನು ಆಡುತ್ತೇನೆ. ಮದುವೆಯಾದ ಹೊಸತರಲ್ಲಿ ನಿನ್ನ ಅತ್ತೆ ಅಂದರಲ್ಲ, 'ಇದನ್ನೆಲ್ಲ ಇಡೋಕೆ ನಮ್ಮನೇಲಿ ಜಾಗ ಎಲ್ಲಿದೆ?' ಎಂದು. ಮೂರು ಕಾಲಿನ ಕುರ್ಚಿಗೆ ಜಾಗವಿತ್ತು. ಚಕ್ರವಿಲ್ಲದ ಸೈಕಲ್ಲಿಗೆ ಜಾಗವಿತ್ತು. ಅಟ್ಟದ ತುಂಬ ಮುಚ್ಚಳ ಕಳೆದುಹೋದ ಡಬ್ಬಗಳಿದ್ದವು, ಅವಕ್ಕೂ ಇತ್ತು. ನಿನ್ನ ಪೆಟ್ಟಿಗೆ ಮಾತ್ರ ನನ್ನ ಲಾರಿ ಹತ್ತಿತು. ಅಂದಿನಿಂದ ನಿನ್ನ ಊರಿನ ಹಾದಿಯ ಲೋಡು ಬಂದರೆ ಜಗಳವಾಡಿಯಾದರೂ ನಾನೇ ಹಿಡಿಯುತ್ತಿದ್ದೆ. ಪೆಟ್ರೋಲ್ ಬಂಕಿನ ಹಿಂದೆ ನಿಲ್ಲಿಸಿದರೆ ನೀನು ಊಟದ ಡಬ್ಬಿ ಹಿಡಿದು ಬರುತ್ತಿದ್ದೆ. ನಾನು ಕೆಳಗೆ ಲಾರಿಯ ನೆರಳಲ್ಲಿ ಊಟಕ್ಕೆ, ನೀನು ಮೇಲೆ ಕ್ಯಾಬಿನ್ನಿನಲ್ಲಿ ಗಾಜು ಏರಿಸಿಕೊಂಡು ಹಾಡಿಗೆ. 'ಅಣ್ಣಾ, ನಿಧಾನಕ್ಕೆ ತಿನ್ನೋ' ಎಂದು ಕಿಟಕಿ ಸಂದಿಯಿಂದ ಕೂಗುತ್ತಿದ್ದೆ. ನನ್ನ ಊಟ ಮುಗಿದರೆ ನಿನ್ನ ಹಾಡು ಮುಗಿಯುತ್ತಿತ್ತಲ್ಲ! ನಾನು ಒಂದೊಂದು ತುತ್ತನ್ನೂ ಹಸು ಮೆಲುಕು ಹಾಕಿದಂತೆ ಅಗಿಯುತ್ತಿದ್ದೆ. ಆಮೇಲೆ ನಿನ್ನ ಮಗ ದೊಡ್ಡವನಾದ, ದೊಡ್ಡ ಮಾತೂ ಕಲಿತ. 'ಲಾರಿಯೊಳಗೆ ಕೂತು ಹಾಡ್ತೀಯಂತಲ್ಲಮ್ಮಾ, ನೋಡಿದವರು ಏನಂದ್ಕೊಳ್ತಾರೆ?' ಎಂದನಂತೆ. ಅಲ್ಲಿಗೆ ನೀನು ಬರುವುದು ನಿಂತಿತು, ಡಬ್ಬಿ ಅವನ ಕೈಯಲ್ಲಿ ಬರತೊಡಗಿತು. ಉಪ್ಪು ಹುಳಿ ಎಲ್ಲ ಸರಿಯಾಗೇ ಇರುತ್ತಿತ್ತು, ಆದರೂ ಒಂದು ದಿನವೂ ರುಚಿಸಲಿಲ್ಲ. ನೋಡಿದವರು ಏನಂದುಕೊಂಡರಂತೆ? ಬಂಕಿನವನು 'ಇವತ್ತು ನಿಮ್ಮ ತಂಗಿ ಬರಲ್ವಾ?' ಎಂದು ಕೇಳುತ್ತಿದ್ದ, ಅಷ್ಟೆ.

ಈಗ ಇಲ್ಲಿಯ ಅನ್ಯಾಯ ಕೇಳು. ಮಾಲೀಕ ಈ ಸಲ ನನ್ನ ಜೊತೆಗೆ ಇನ್ನೊಬ್ಬ ಡ್ರೈವರನ್ನು ಹತ್ತಿಸಿದ. ಮೈಯೆಲ್ಲ ಕಾಲೇ ಇರುವ ಪ್ರಾಣಿ. ಸೀಟಿನ ಹಿಂದಿನ ಹಲಗೆಯ ಮೇಲೆ ಮಲಗಿದರೆ ಅವನ ಎರಡೂ ಪಾದ ಹಾರ್ಮೋನಿಯಂ ಮೇಲೆ. ಹೇಳಿದೆ, ಬೈದೆ. 'ನಿದ್ದೇಲಿ ಕಾಲು ನನ್ನ ಮಾತು ಕೇಳಲ್ಲ ಯಜಮಾನ್ರೇ' ಎಂದ. ಸರಿ, ಪೆಟ್ಟಿಗೆಗೆ ಗೋಣಿತಾಟು ಸುತ್ತಿ, ದಬ್ಬಳದಿಂದ ಬಿಗಿಯಾಗಿ ಹೊಲಿದು, ಹಿಂದೆ ಬಟ್ಟೆಯ ಬೇಲುಗಳ ನಡುವೆ ಅಲುಗದಂತೆ ಇಟ್ಟೆ. ಬೇಲುಗಳಿಗೂ ಅದೇ ಗೋಣಿ, ಅದೇ ಹೊಲಿಗೆ ಎನ್ನುವುದು ನನ್ನ ಮಂದ ತಲೆಗೆ ಹೊಳೆಯಲಿಲ್ಲ. ಹಮಾಲರದೇನು ತಪ್ಪು? ಗೋಣಿಯಲ್ಲಿದ್ದದ್ದನ್ನೆಲ್ಲ ಹೊತ್ತು ಒಳಗೆ ಹಾಕಿದರು. ನಿನ್ನೆ ಬೆಳಿಗ್ಗೆ ನಾನು ನಲ್ಲಿಯ ಕೆಳಗೆ ಮೈ ತೊಳೆದು ಬರುವಷ್ಟರಲ್ಲಿ ಲಾರಿ ಖಾಲಿ, ಪೆಟ್ಟಿಗೆಯ ಮೇಲೆ ಗೋಡೌನಿನ ಕೆಂಪು ಮಸಿಯ ಗುರುತು. 'ಈ ಬೇಲು ಎತ್ತಿದಾಗ ಕೊಂಯ್ ಅಂತು ಅಣ್ಣಾ, ಒಳಗೆ ಬೆಕ್ಕು ಸಿಕ್ಕಾಕೊಂಡಿದೆ ಅಂದ್ಕೊಂಡೆ' ಎಂದ ಒಬ್ಬ ಹಮಾಲ. ಬೆಕ್ಕು ಎಂದುಕೊಂಡವನು ಇಳಿಸಿ ನೋಡಬಾರದೇ!

ಅಲ್ಲಿಯ ಸೂಪರ್‌ವೈಸರಿಗೆ ಮೀಸೆ ಇನ್ನೂ ಸರಿಯಾಗಿ ಮೂಡಿಲ್ಲ, ಕಾನೂನು ಮಾತ್ರ ಮೊಣಕಾಲುದ್ದ ಬೆಳೆದಿದೆ. 'ಒಳಗೆ ಬಂದ ಮಾಲು ಹೊರಗೆ ಹೋಗ್ಬೇಕಾದ್ರೆ ವಾರಸುದಾರರು ಬೇಕು. ಯಾರೂ ಬರ್ದಿದ್ರೆ ತಿಂಗಳ ಕೊನೆಗೆ ಗುಜರಿಗೆ' ಎಂದ. ಮಾಲಂತೆ! ಗುಜರಿಯಂತೆ! ಲಾರಿ ಚಾಲೂ ಮಾಡಿ ಗೇಟಿಗೆ ಅಡ್ಡ ನಿಲ್ಲಿಸಿ ಕೀಲಿ ಜೇಬಿಗೆ ಹಾಕಿಕೊಂಡೆ. ಹಿಂದೆ ಸಾಲುಗಟ್ಟಿದ್ದ ಲಾರಿಗಳೆಲ್ಲ ಹಾರ್ನ್ ಹೊಡೆದವು. ನನ್ನನ್ನು ಬಡಿಯಲು ಬಂದ ಡ್ರೈವರುಗಳು ವಿಷಯ ತಿಳಿದು ಸೂಪರ್‌ವೈಸರನ ಮೇಲೇ ತಿರುಗಿಬಿದ್ದರು. ಅವರಲ್ಲಿ ನನ್ನ ಹಳೆಯ ಗೆಳೆಯನೊಬ್ಬ, ನಾವೆಲ್ಲ ಮೀಸೆ ಎಂದು ಕರೆಯುವ ಡ್ರೈವರ್, ಮುಂದೆ ಬಂದು ಸಾಕ್ಷಿ ಹೇಳಿದ: 'ಅದು ಇವನ ಪೆಟ್ಟಿಗೇನೇ ಸಾರ್. ಇವನು ಬಾರಿಸೋದಕ್ಕೆ ಹೆದರಿ ನಾಯಿ ಕೂಡ ಇವನ ಲಾರಿ ಕೆಳಗೆ ಮಲಗಲ್ಲ.' ನಾನೇನೂ ಬಾರಿಸುವುದಿಲ್ಲ, ಗುಬ್ಬೀ. ತಿದಿ ಗಟ್ಟಿಯಾಗಬಾರದೆಂದು ಆಗಾಗ ಗಾಳಿ ಹಾಕುತ್ತೇನೆ, ಅದಕ್ಕೇ ಇಷ್ಟು ಕೀರ್ತಿ.

ಸೂಪರ್‌ವೈಸರ್ ಮೆತ್ತಗಾದ. 'ಸರಿ, ಹಾಗಾದ್ರೆ ಇದು ನಿಮ್ದೇ ತಾನೇ?' ಎಂದ. ಹೂಂ ಎಂದಿದ್ದರೆ ಮುಗಿದಿತ್ತು. ನನ್ನ ಬಾಯಿಗೆ ಬಂದದ್ದು, 'ನಂದ್ಯಾಕೆ ಆಗುತ್ತೆ? ನನ್ನ ತಂಗೀದು.' ಮೀಸೆ ಹಣೆ ಚಚ್ಚಿಕೊಂಡು 'ಹೋಯ್ತು, ಕೈಗೆ ಬಂದದ್ದು ಬಾಯಿಂದ ಹೋಯ್ತು' ಎಂದ. 'ನಿಮ್ಮ ತಂಗೀದಾದ್ರೆ ಅವರೇ ಹೇಳ್ಬೇಕು, ಫೋನಲ್ಲಾದ್ರೂ ಸರಿ' ಎಂದು ಸೂಪರ್‌ವೈಸರ್ ಮತ್ತೆ ಕುರ್ಚಿಗೆ ಅಂಟಿಕೊಂಡ. ಬೇರೆಯವರ ಹೊಟ್ಟೆಯ ಮೇಲೆ ಹೊಡೆಯಬಾರದೆಂದು ಲಾರಿ ಬದಿಗೆ ತೆಗೆದೆ. ಕಾಲಿನವನು ಇನ್ನೊಂದು ಲಾರಿ ಹತ್ತಿ ಹೋದ. ವಾಪಸಿನ ಲೋಡೂ ಕೈತಪ್ಪಿತು. ಮಾಲೀಕ ಇವತ್ತು ಫೋನು ಮಾಡಿ, 'ಒಂದು ಹಳೇ ಪೆಟ್ಟಿಗೆಗೋಸ್ಕರ ಗಾಡಿ ನಿಲ್ಸಿದ್ದೀಯಾ? ನಾಳೆ ಸಂಜೆಯೊಳಗೆ ಹೊರಡದಿದ್ರೆ ಕೀಲಿ ಕೊಟ್ಟು ಮನೆಗೆ ಹೋಗು' ಎಂದ. ಹಳೆಯದಂತೆ! ಅವನ ಲಾರಿಗಿಂತ ಅದರ ಗಾಳಿ ಬಿಗಿಯಾಗಿದೆ.

ನಿನ್ನ ಮನೆಗೆ ಫೋನು ಮಾಡಿದೆ. ಮಗ ಎತ್ತಿ 'ಅಮ್ಮ ಮಲಗಿದ್ದಾಳೆ ಮಾವಾ' ಎಂದ. ನಿನ್ನೆ ನಾಲ್ಕಕ್ಕೂ ಅದೇ ಮಾತು, ಇವತ್ತು ಬೆಳಿಗ್ಗೆ ಹತ್ತಕ್ಕೂ ಅದೇ ಮಾತು. ಯಾವಾಗಿನಿಂದ ನೀನು ಕುಂಭಕರ್ಣನಾದೆ? ಅದಕ್ಕೇ ಕಾಗದ. ಮೀಸೆ ನಿನ್ನ ಊರ ಮೇಲೆಯೇ ಹೋಗುತ್ತಿದ್ದಾನೆ, ನಾಳೆ ಬೆಳಿಗ್ಗೆ ನಿನ್ನ ಕೈಗೇ ಕೊಡುತ್ತಾನೆ. ಆಚೆ ಹಾರ್ನ್ ಹೊಡೆಯುತ್ತಿದ್ದಾನೆ, ಮುಗಿಸುತ್ತೇನೆ.

ಸೊಸೆಗೆ, ಮೊಮ್ಮಗಳಿಗೆ ತುಂಬು ಮನಸ್ಸಿನ ಆಶೀರ್ವಾದ. ನಿನ್ನ ಮಗನಿಗೂ ಇರಲಿ, ಅರ್ಧ. ಮಂಡಿಯ ಕಡೆ ಗಮನ ಕೊಡು.

ನಿನ್ನ ಮುಂಗೋಪಿ
ಅಣ್ಣ

ಮರೆತ ಮಾತು: ಸುಳ್ಳು, ಮರೆತಿರಲಿಲ್ಲ. ನಿನ್ನೆ ಸಂಜೆ ಸೂಪರ್‌ವೈಸರ್ ಚಹಾ ತಂದುಕೊಟ್ಟು, 'ಯಜಮಾನ್ರೇ, ನಂದು ಅಂತ ಒಂದೇ ಒಂದು ಮಾತು ಹೇಳ್ಬಿಡಿ, ತಗೊಂಡು ಹೋಗಿ, ನನಗೂ ತಲೆನೋವು ತಪ್ಪುತ್ತೆ' ಎಂದು ಕೈಮುಗಿದ. ನಾನು ಚಹಾ ಕುಡಿದೆ, ಮಾತು ಹೇಳಲಿಲ್ಲ. ಹೇಳುವುದೂ ಇಲ್ಲ, ಕೆಲಸ ಹೋದರೆ ಹೋಗಲಿ. ಮೀಸೆ ನಿನ್ನ ಬಾಗಿಲಲ್ಲೇ ನಿಂತಿರುತ್ತಾನೆ, ಅವನ ಫೋನಿನಲ್ಲಿ ಗೇಟಿನ ನಂಬರಿದೆ. ಮಗನನ್ನು ಕೇಳಬೇಡ. ಕೈ ಒರೆಸಿಕೊಂಡು ಹೊರಗೆ ಬಾ, ಫೋನು ತೆಗೆದುಕೊ, 'ಅದು ನಂದು' ಎನ್ನು. ಗುಜರಿಗೆ ಹೋಗಲಿ ಎನ್ನುವುದಾದರೂ ನೀನೇ ಬಾಯಿಬಿಟ್ಟು ಹೇಳು. ನಾನು ಸೂಪರ್‌ವೈಸರನ ಪಕ್ಕದ ಸ್ಟೂಲಿನ ಮೇಲೆ ಕೂತು ಕೇಳಿಸಿಕೊಳ್ಳುತ್ತಿರುತ್ತೇನೆ.