ಇಬ್ಬರ ಸೊಳ್ಳೆಪರದೆ

ನಮ್ಮ ಮನೆಯವರಿಗೆ,

‘ದೂರವಿದ್ದಷ್ಟೂ ಒಲವು ಮಾಗುತ್ತದೆ’ ಎಂದೇನೋ ಒಂದು ಸಾಲು ಅರ್ಧಂಬರ್ಧ ನೆನಪಾಗುತ್ತಿದೆ. ಬರೆದವರು ಮನೆ ಬಿಟ್ಟು ಹೋದವರೇ ಇರಬೇಕು. ಮನೆಯಲ್ಲಿ ಉಳಿದವರು ಹಾಗೆ ಬರೆಯಲಾರರು.

ನಿರಾಶ್ರಿತರ ಶಿಬಿರದ ಆಸ್ಪತ್ರೆಯಿಂದ ನೀವು ಬರೆದ ಪತ್ರ ತಲುಪಿತು. ಇದರಲ್ಲಿಯೂ ಆ ದರ್ಜಿ ಹೆಂಗಸೇ ಇದ್ದಾಳೆ. ಊರು ಬಿಟ್ಟು ಓಡುವಾಗ ಹೊಲಿಗೆ ಯಂತ್ರ ಹೊತ್ತು ತಂದವಳು. ಮಾತ್ರೆ ಪೂರ್ತಿ ನುಂಗಿದರೂ ಅವಳ ಮಲೇರಿಯಾ ಮರುಕಳಿಸಿದೆಯಂತೆ. ಶಿಬಿರದ ಅರ್ಧ ಜನಕ್ಕೆ ಜ್ವರ, ಹಳೆಯ ಮಾತ್ರೆಗೆ ಅದು ಬಗ್ಗುತ್ತಿಲ್ಲ, ಹಾಗಾಗಿ ಈ ಸಲವೂ ರಜೆಯಿಲ್ಲ ಎಂದಿದ್ದೀರಿ. ಹೊಸ ಮಾತ್ರೆಯನ್ನು ಕಣ್ಣೆದುರೇ ನುಂಗಿಸಿ, ವಾಂತಿಯಾದೀತೆಂದು ಅರ್ಧ ಗಂಟೆ ಅವಳ ಪಕ್ಕದಲ್ಲೇ ಕೂರುತ್ತೀರಂತೆ. ನನಗೆ ಜ್ವರ ಬಂದಾಗ "ಮಾತ್ರೆ ಮೇಜಿನ ಮೇಲಿದೆ" ಎಂದು ಹೇಳಿ ಚಪ್ಪಲಿ ಮೆಟ್ಟಿದ್ದಿರಿ. ಅಲ್ಲಿ ಎಲ್ಲ ರೋಗಿಗಳಿಗೂ ಅದೇ ಕ್ರಮವೆಂದು ಬಲ್ಲೆ. ಆದರೆ ಎಲ್ಲ ರೋಗಿಗಳ ಬಗ್ಗೆ ನೀವು ಬರೆಯುವುದಿಲ್ಲ.

ಅವಳಿಗೂ ಅವಳ ಮಕ್ಕಳಿಗೂ ಸೊಳ್ಳೆಪರದೆ ಕೇಳಿದ್ದೀರಿ. ನಮ್ಮಿಬ್ಬರದನ್ನೇ ಕಳಿಸುತ್ತಿದ್ದೇನೆ. ನೀವು ಮಲಗುವ ಕಡೆ ಹರಿದಿತ್ತು, ತೇಪೆ ಹಾಕಿದ್ದೇನೆ. ಅವಳು ಅದನ್ನು ಬಿಚ್ಚಿ ಮತ್ತೆ ಹೊಲಿಯುವುದು ಬೇಡ. ಕತ್ತಲಾಗುವ ಮೊದಲೇ ಕಟ್ಟಲು ಹೇಳಿ. ಅವಳನ್ನು ಕಚ್ಚಿದ ಸೊಳ್ಳೆ ಆ ಬಗ್ಗದ ಜ್ವರವನ್ನು ನಿಮಗೆ ತಂದುಕೊಡಬಾರದು. ನೀವು ನಿಮ್ಮ ಒಂಟಿ ಪರದೆಯಲ್ಲೇ ಮಲಗಿ.

ಇಲ್ಲಿ ಎಲ್ಲ ಕ್ಷೇಮ.

ಇಂತಿ,
ಮನೆಯಲ್ಲಿರುವವಳು

ಹೇಳಲು ಮರೆತೆ: ಪರದೆಯನ್ನು ಗಂಟು ಕಟ್ಟುವಾಗ ಪಕ್ಕದ ಮನೆಯ ಅಕ್ಕ ಬಾಗಿಲಲ್ಲಿ ನಿಂತು ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. "ಪರದೆ ಒಂದನ್ನೇ ಯಾಕೆ ಕಳಿಸ್ತೀಯೇ? ಜೊತೆಗೆ ನೀನೂ ಹೋಗು. ಕುಂಡಗಳಿಗೆ ನೀರು ನಾನು ಹಾಕ್ತೀನಿ" ಎಂದರು.