ರಾಗಿಗೂ ರಾತ್ರಿ ಬೇಕು, ಸ್ವಾಮಿ

ಬೀದಿದೀಪ ಸಮಿತಿಯ ಮಾನ್ಯ ಅಧ್ಯಕ್ಷರೇ,

ತಾವು ನಮ್ಮೂರ ಸರ್ಕಲ್ಲಿನಲ್ಲಿ ನೆಡಿಸಿದ ಎತ್ತರದ ಕಂಬದ ದೀಪದಿಂದಾಗಿ ಚಿಕ್ಕಬೋರಮ್ಮನ ರಾಗಿ ತೆನೆ ಬಿಟ್ಟಿಲ್ಲ. ಕತ್ತಲೆಂದು ದೂರುವವರನ್ನೇ ಕಂಡಿರುವ ತಮಗೆ, ಕತ್ತಲೆ ಕೊಡಿ ಎಂಬ ಅರ್ಜಿ ತಲೆಹರಟೆಯಾಗಿ ಕಾಣಬಹುದು. ಆದರೂ ದಯವಿಟ್ಟು ಪೂರ್ತಿ ಓದಿ.

ದೀಪ ಬಂದ ವಾರದಲ್ಲೇ ನಾಗಮಂಗಲ ಸೀಮೆಯ ಹುಳುಗಳೆಲ್ಲ ಅದರ ಕೆಳಗೆ ಸಭೆ ಸೇರಿದವು. ಹುಳಕ್ಕೆ ಕಪ್ಪೆ ಬಂದವು, ಕಪ್ಪೆಗೆ ಹಾವು ಬಂತು. ಹೊಲದಲ್ಲಿ ಕೀಟ ತಿನ್ನುತ್ತಿದ್ದ ಕಪ್ಪೆಗಳೆಲ್ಲ ಸರ್ಕಲ್ಲಿಗೆ ವರ್ಗಾವಣೆ ಮಾಡಿಸಿಕೊಂಡಿವೆ. ಅವುಗಳ ಜಾಗಕ್ಕೆ ಬದಲಿ ನೇಮಕವಾಗಿಲ್ಲ. ಪಂಕ್ಚರ್ ಅಂಗಡಿಯ ಶಹಾಬುದ್ದೀನ್ ಈಗ ಹಳೇ ಟೈರನ್ನು ಕೋಲಿನಿಂದ ತಟ್ಟಿಯೇ ಮುಟ್ಟುವುದು. "ಒಳ್ಗೆ ಗಾಳಿ ಐತೋ ನಾಗಪ್ಪ ಅವ್ನೋ, ಅಲ್ಲಾನೇ ಬಲ್ಲ ಭಾಯ್" ಅನ್ನುತ್ತಾರೆ.

ನಮ್ಮ ನೆರೆಮನೆಯ ಚಿಕ್ಕಬೋರಮ್ಮನ ಹೊಲ ಸರ್ಕಲ್ಲಿಗೆ ಅಂಟಿಕೊಂಡೇ ಇದೆ. ಅವರ ಮನೆಯ ವರ್ಷದ ಮುದ್ದೆ ಬರುವುದು ಅಲ್ಲಿಂದಲೇ. ಊರ ರಾಗಿಯೆಲ್ಲ ತೆನೆ ತೂಗುತ್ತಿದ್ದರೆ ಅವರದು ಹಸಿರಾಗಿ ಎದೆಯೆತ್ತರ ಬೆಳೆದು ನಿಂತಿದೆ. ಹಸಿಮೇವು ಸಿಕ್ಕಿತೆಂದು ಅವರ ಹಸುಗಳು ಮಾತ್ರ ತಮ್ಮ ಆಡಳಿತಕ್ಕೆ ಬೆಂಬಲ ಸೂಚಿಸಿವೆ. "ಸಂಜೆ ಆದ್ರೆ ತಾನೆ ಅದ್ಕೆ ಹೊತ್ತು ಗೊತ್ತಾಗೋದು? ಇನ್ನೂ ಬಿಸ್ಲು ಅದೆ ಅನ್ಕೊಂಡು ಬೆಳೀತಾನೇ ಅದೆ ಕಣಪ್ಪ" ಎಂದು ಆಕೆ ಅತ್ತರು. ತಮ್ಮ ಕಚೇರಿಯೂ ಐದೂವರೆಗೆ ಬಾಗಿಲು ಹಾಕುತ್ತದೆ. ರಾಗಿಗೆ ಮಾತ್ರ ಯಾಕೆ ಓವರ್‌ಟೈಮು?

ತಮ್ಮ ಕಡೆಯವರು ಬಂದು ನೋಡಿ, ಬಿತ್ತನೆ ಕಳಪೆ ಎಂದರು. ಬಂದದ್ದು ಮಟಮಟ ಮಧ್ಯಾಹ್ನ, ದೀಪ ಆರಿದ್ದಾಗ. ಬಿತ್ತನೆ ಕಳಪೆಯಾಗಿದ್ದರೆ ಹೊಲದ ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ತೆನೆ ಬಂದದ್ದು ಹೇಗೆ? ಆ ಪಟ್ಟಿಯ ಮೇಲೆ ರಾತ್ರಿಯಿಡೀ ಬೀಳುವುದು ಒಂದು ಫ್ಲೆಕ್ಸಿನ ನೆರಳು. ದೀಪ ಉದ್ಘಾಟನೆಯ ದಿನ ಅಭಿಮಾನಿಗಳು ತಮಗೆ ಸ್ವಾಗತ ಕೋರಿ ಕಟ್ಟಿದರಲ್ಲ, ತಾವು ಕೈ ಮುಗಿದು ನಗುತ್ತಿರುವುದು, ಅದೇ. ಸ್ವಾಮಿ, ತಮ್ಮಿಂದ ಈ ಊರಿಗೆ ಆದ ಉಪಕಾರ ಸದ್ಯಕ್ಕೆ ಆ ನೆರಳೊಂದೇ.

ಆದ್ದರಿಂದ, ಆ ಕಂಬದ ತುದಿಯ ದೀಪಗಳಲ್ಲಿ ಹೊಲದ ಕಡೆ ತಿರುಗಿರುವ ಒಂದೇ ಒಂದಕ್ಕೆ ತಗಡಿನ ಮರೆ ಕಟ್ಟಿಸಿ. ಅದಾಗದಿದ್ದರೆ ಹೊಲದ ಉದ್ದಕ್ಕೂ ತಮ್ಮ ಫ್ಲೆಕ್ಸ್ ಕಟ್ಟಿಸಿ. ಚಿಕ್ಕಬೋರಮ್ಮನ ಅಭ್ಯಂತರವಿಲ್ಲ: "ಯಾರ್ ಮಕ ಆದ್ರೇನು, ನೆರಳು ಬಿದ್ರೆ ಸಾಕು."

ಮೊನ್ನೆ ಹಳೆಯದಾಯಿತೆಂದು ಆ ಫ್ಲೆಕ್ಸ್ ಬಿಚ್ಚಲು ಬಂದವರನ್ನು ಆಕೆ ಕುಡುಗೋಲು ಹಿಡಿದು ಹಿಂದಕ್ಕೆ ಕಳಿಸಿದ್ದಾರೆ. ಅಂದಿನಿಂದ ಅದರ ಕೆಳಗೇ ಕೂತಿದ್ದಾರೆ. ತಮ್ಮ ಮುಖವನ್ನು ಇಷ್ಟು ನಿಷ್ಠೆಯಿಂದ ಕಾಯುವವರು ತಮ್ಮ ಪಕ್ಷದಲ್ಲೂ ಇರಲಾರರು.

ಇಂತಿ,
ಕತ್ತಲೆಗೆ ಅರ್ಜಿ ಹಾಕಿ ಬೆಳಕಿನಲ್ಲಿ ಉತ್ತರ ಕಾಯುತ್ತಿರುವ,
ತಿಮ್ಮರಾಜು