ಏಳು ಹೂ ಕೀಳುವಾಗ ಮಾತಾಡಬಾರದು

ಆಸ್ಪ್‌ಹೋಲ್ಮ ದ್ವೀಪದ ದೋಣಿಗಟ್ಟೆ
ಸೋಮವಾರ, ೨೫ ಜೂನ್ ೧೯೮೪

ನನ್ನ ಬ್ರಿಟ್ಟಾ ಕಂದಾ,

ಹೇಗಿದ್ದೀಯೆ? ಹಡಗಿನ ಎಂಜಿನ್ ಕೋಣೆಯ ಸೆಕೆಗೆ ಕೈಮೇಲೆ ಎದ್ದಿದ್ದ ಬೊಕ್ಕೆಗಳು ವಾಸಿಯಾದವೇ? ಹೊತ್ತುಹೊತ್ತಿಗೆ ಉಣ್ಣು. ಈ ಪತ್ರ ನಿನಗೆ ರಾಟರ್‌ಡ್ಯಾಮ್ ಬಂದರಿನಲ್ಲಿ ಸಿಗುತ್ತದೆಂದು ನಿಮ್ಮ ಕಂಪನಿಯವರು ಹೇಳಿದ್ದಾರೆ. ಅವರ ಕೈಲಿ ನಾನು ಹೇಳಿ ಕಳಿಸಿದ್ದು ಅರ್ಧ ಮಾತು: ಅಪ್ಪನ ಕಾಲು ಮುರಿದಿದೆ, ಜೀವಕ್ಕೆ ಅಪಾಯವಿಲ್ಲ, ಇಷ್ಟೇ. ಉಳಿದರ್ಧವನ್ನು ಈಗ ಓಲಾಡುವ ದೋಣಿಯಲ್ಲೇ ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಗುರುವಾರ ಮಧ್ಯಾಹ್ನ ನಿಮ್ಮಪ್ಪ, ನಾನು, ನಿನ್ನ ಮಗಳು ಪೆಟ್ರಾ, ಮೂವರೂ ಹಾಯಿದೋಣಿಯಲ್ಲಿ ಇಲ್ಲಿಗೆ ಬಂದು ಲಂಗರು ಹಾಕಿದೆವು. ಹೊರಗಿನವರೆಂದು ದ್ವೀಪದವರು ಬೇರೆ ಮಾಡಲಿಲ್ಲ. ನಿನಗೆ ನೆನಪಿದೆಯಲ್ಲ, ಆ ಮುದುಕ ಮೀನುಗಾರ ಹಿಲ್ಡಿಂಗ್, ಗಟ್ಟೆಯ ಮೇಲಿಂದಲೇ ಕೂಗಿದ, "ಬನ್ನಿ ಪಟ್ಟಣದೋರೇ, ನಾಳೆ ಕಂಬ ಎತ್ತೋಕೆ ಬೆನ್ನು ಬೇಕು, ಬಾಯಲ್ಲ!" ಶುಕ್ರವಾರ ನಡುಬೇಸಿಗೆಯ ಹಬ್ಬಕ್ಕೆ ಹೂವು ಸೊಪ್ಪು ಸುತ್ತಿದ ಕಂಬ ಎತ್ತಿ, ಅದರ ಸುತ್ತ ಕಪ್ಪೆಗಳ ಹಾಗೆ ಕುಪ್ಪಳಿಸಿದೆವು. ನನ್ನ ಮಂಡಿಯ ಗತಿ ಕೇಳಬೇಡ. ಹುಳಿಯಲ್ಲಿ ನೆನೆಸಿದ ಹೆರಿಂಗ್ ಮೀನು, ಸಬ್ಬಸಿಗೆ ಹಾಕಿ ಬೇಯಿಸಿದ ಎಳೆ ಆಲೂಗಡ್ಡೆ, ಸ್ಟ್ರಾಬೆರಿ. ಎರಡೇ ಗುಟುಕು ಎಂದ ನಿಮ್ಮಪ್ಪ ನಾಲ್ಕು ಹಾಡಿಗೆ ನಾಲ್ಕು ಲೋಟ ಸಾರಾಯಿ ಏರಿಸಿದರು.

ಪೆಟ್ರಾಗೆ ಹದಿನಾಲ್ಕಾಯಿತಲ್ಲ, ಈ ವರ್ಷ ಏಳು ಹೂ ಕಿತ್ತೇ ತೀರುತ್ತೇನೆಂದು ಹಟ. ಏಳು ಬೇಲಿ ದಾಟಿ ಏಳು ಬಗೆಯ ಹೂ ಕಿತ್ತು, ದಿಂಬಿನಡಿ ಇಟ್ಟು ಮಲಗುವತನಕ ಒಂದು ಮಾತೂ ಆಡಬಾರದು. ಆಡಿದರೆ ಕನಸಿನಲ್ಲಿ ಗಂಡ ಬರುವುದಿಲ್ಲ. ಮಾತಾಡಿಸಿ ಕೆಡಿಸುವುದೇ ಉಳಿದವರಿಗೆಲ್ಲ ಆಟ. ನಿನ್ನನ್ನು ನಾವು ಕಾಡಿದ್ದು ಕಡಿಮೆಯೇ? ಅವತ್ತು ಸಂಜೆ ಅವಳು ಮೊದಲ ಬೇಲಿ ಹತ್ತುವಾಗಲೇ ಹಿಲ್ಡಿಂಗ್ ಶುರು ಮಾಡಿದ: "ಏ ಹುಡುಗಿ, ನಿಮ್ಮ ದೋಣಿ ಹಗ್ಗ ಬಿಚ್ಕೊಂಡು ಹೋಗ್ತಿದೆ ನೋಡೇ!" ಅವಳು ತುಟಿ ಕಚ್ಚಿ ನಗು ತಡೆದುಕೊಂಡು ಗುಡ್ಡ ಹತ್ತಿದಳು.

ಸ್ವಲ್ಪ ಹೊತ್ತಿಗೆ ಕಡಲಿಂದ ಮಂಜು ಬಂತು. ನೋಡನೋಡುತ್ತ ಎದುರಿನ ಬಂಡೆಗಳೆಲ್ಲ ಮಾಯ. ನಿಮ್ಮಪ್ಪ ಎಲ್ಲಿ ಎಂದು ತಿರುಗಿದರೆ ಇಲ್ಲ. ಹಾಯಿದೋಣಿಯ ಹಿಂದೆ ಕಟ್ಟಿದ್ದ ಪುಟ್ಟ ದೋಣಿಯೂ ಇಲ್ಲ. ಬೆಳಗ್ಗೆ ಬಿಟ್ಟ ಬಲೆ ಎತ್ತಲು ಹೋಗಿದ್ದಾರೆಂದು ಹೊಳೆಯಿತು, ಎಲ್ಲಿ ಬಿಟ್ಟಿದ್ದರೋ ಆ ಪುಣ್ಯಾತ್ಮ ನನಗೆ ಹೇಳಿರಲಿಲ್ಲ. ಅಷ್ಟರಲ್ಲಿ ಯಾರೋ ಆ ಪುಟ್ಟ ದೋಣಿಯನ್ನು ದಕ್ಷಿಣದ ತುದಿಯಿಂದ ಎಳೆದುಕೊಂಡು ಬಂದರು. ಒಂದೇ ಹುಟ್ಟು ಇತ್ತು, ಒಳಗೆ ಯಾರೂ ಇರಲಿಲ್ಲ. 

ಗುಡ್ಡಕ್ಕೆ ಓಡಿದೆ. ಮಂಜು ಬರುವ ಮುಂಚೆ ಅಲ್ಲಿಂದ ಕಡಲೆಲ್ಲ ಕಾಣುತ್ತಿತ್ತಲ್ಲ. "ಅಜ್ಜ ಯಾವ ಕಡೆ ಹೋದ್ರೇ? ಹೇಳೇ, ನಿನ್ನ ದಮ್ಮಯ್ಯ!" ಎಂದು ಅತ್ತೆ. ಪೆಟ್ರಾ ನನ್ನ ಮುಖ ನೋಡಿ, ತುಟಿಯ ಮೇಲೆ ಬೆರಳಿಟ್ಟು ನಕ್ಕಳು. ನಕ್ಕಳು, ಬ್ರಿಟ್ಟಾ! ನಕ್ಕು ಮುಂದಿನ ಬೇಲಿ ದಾಟಿ ಹೋದಳು. ಅವಳು ಏನೂ ನೋಡಿಲ್ಲವೆಂದುಕೊಂಡು ನಾನು ಕೆಳಗೆ ಓಡಿದೆ. ಎರಡು ಗಂಟೆ ಎಲ್ಲರೂ ದಕ್ಷಿಣವನ್ನೇ ಜಾಲಾಡಿದರು. ಕಡಲ ರಕ್ಷಣೆಯವರ ದೋಣಿ ಬಂದು ಕೊಂಬು ಊದಿದಾಗಲೇ ಅವಳಿಗೆ ಇದು ಆಟವಲ್ಲವೆಂದು ಗೊತ್ತಾದದ್ದು. ಹೂಗಳನ್ನು ಎಸೆದು ಓಡಿ ಬಂದಳು. "ಉತ್ತರದ ಬಂಡೆ! ಅಜ್ಜ ಉತ್ತರಕ್ಕೆ ಹೋದ್ರು, ನಾನು ನೋಡ್ದೆ!" ಎಲ್ಲರೆದುರೇ ಅವಳ ಕೆನ್ನೆಗೆ ಹೊಡೆದುಬಿಟ್ಟೆ.

ಅಲ್ಲೇ ಇದ್ದರು. ಬಂಡೆಗೆ ಇಳಿಯುವಾಗ ಪಾಚಿಯ ಮೇಲೆ ಜಾರಿ ಕಾಲು ಮುರಿದು, ದೋಣಿ ಕೈತಪ್ಪಿ ತೇಲಿಹೋಗಿ, ಸೊಂಟದತನಕ ಆ ಕೊರೆಯುವ ನೀರಿನಲ್ಲಿ. ಕೂಗಿ ಕೂಗಿ ಗಂಟಲು ಬಿದ್ದುಹೋಗಿತ್ತು. ಇನ್ನರ್ಧ ಗಂಟೆ ತಡವಾಗಿದ್ದರೆ ತಾವೇನೂ ಮಾಡುವಂತಿರಲಿಲ್ಲ ಎಂದರು ವೈದ್ಯರು. ನಿನ್ನೆ ಆಸ್ಪತ್ರೆಯಲ್ಲಿ ನಿಮ್ಮಪ್ಪ ಗಂಜಿ ಕುಡಿಯುತ್ತ, "ನನ್ನ ಮೊಮ್ಮಗಳು ಗಂಡನಿಗೋಸ್ಕರ ಅಜ್ಜನ್ನೇ ಮಾರಿದ್ಲು ಕಣೇ" ಎಂದು ತಮಾಷೆ ಮಾಡಿದರು. ಎಲ್ಲರೂ ನಕ್ಕರು, ಅವಳು ಹೊರಗೆ ಹೋಗಿ ನಿಂತಳು. ದ್ವೀಪದವರ ಬಾಯಲ್ಲಿ ಅವಳ ಹೆಸರೀಗ 'ಬಾಯಿ ಬಿಡದ ಹುಡುಗಿ'.

ನನಗೆ ಹೆದರಿಕೆ ಈಗ ನಿಮ್ಮಪ್ಪನದಲ್ಲ. ಅವಳು ಉಣ್ಣುವುದಿಲ್ಲ, ದೋಣಿಯೊಳಗೆ ಗೋಡೆಗೆ ಮುಖ ಮಾಡಿ ಮಲಗಿರುತ್ತಾಳೆ. ಇವತ್ತು ಬೆಳಗ್ಗೆ ಗಟ್ಟೆಯ ತುದಿಯಲ್ಲಿ ನಿಂತು ಬಹಳ ಹೊತ್ತು ನೀರನ್ನೇ ನೋಡುತ್ತಿದ್ದಳು. ಹತ್ತಿರ ಹೋದರೆ, "ಅಜ್ಜಿ, ಅಜ್ಜ ಸತ್ತುಹೋಗಿದ್ದಿದ್ರೆ ಕೊಂದದ್ದು ನಾನೇ ಅಲ್ವಾ?" ಎಂದು ಕೇಳಿದಳು. ನಾನು ಕಾಫಿ ಕಾಯಿಸುವ ನೆಪ ಮಾಡಿ ಒಳಗೆ ಬಂದೆ.

ರಜೆ ಸಿಕ್ಕರೆ ಬಂದುಬಿಡು. ಹಿಲ್ಡಿಂಗ್ ನಿನ್ನನ್ನು ಕೇಳಿದೆನೆಂದು ಹೇಳಿದ್ದಾನೆ. ನಿನ್ನ ಹಡಗು ಎಲ್ಲಿದ್ದರೂ ದೇವರು ಕಾಯಲಿ.

ನಿನ್ನ ಅಮ್ಮ,
ಸಿಗ್ರಿಡ್

ಮರೆತದ್ದಲ್ಲ, ಬಚ್ಚಿಟ್ಟದ್ದು: ಅಂಚೆಯ ದೋಣಿ ಬರುತ್ತಿದೆ, ಬೇಗ ಬರೆಯುತ್ತೇನೆ. ಶುಕ್ರವಾರ ಬೆಳಗ್ಗೆ ಅವಳ ಜಡೆ ಹೆಣೆಯುತ್ತ ನಾನೇ ಹೇಳಿದ್ದೆ, "ನೋಡೇ, ನಾನೇ ಅಳ್ತಾ ಓಡಿ ಬಂದು ಅಜ್ಜ ಮುಳುಗಿದ್ರು ಅಂದ್ರೂ ಬಾಯಿ ಬಿಡಬೇಡ. ನಿಮ್ಮಮ್ಮನ್ನ ಹಾಗೇ ಮೋಸ ಮಾಡಿ ಮಾತಾಡಿಸಿದ್ದು." ಅವಳು ನನ್ನ ಮಾತು ನಡೆಸಿದಳು, ಅಷ್ಟೇ. ಎಲ್ಲರೂ ಅವಳನ್ನು ಆಡಿಕೊಳ್ಳುವಾಗ ನಾನು ಪಕ್ಕದಲ್ಲೇ ಸುಮ್ಮನೆ ನಿಂತಿದ್ದೆ. ಇದನ್ನು ಅಂಚೆಗೆ ಕೊಟ್ಟು ನೇರ ಅವಳ ಹತ್ತಿರ ಹೋಗುತ್ತೇನೆ, ಆಮೇಲೆ ಊರೆಲ್ಲ ಕೇಳುವ ಹಾಗೆ ಹೇಳುತ್ತೇನೆ. ಬ್ರಿಟ್ಟಾ, ಹೊಡೆತ ತಿಂದಾಗಲೂ ಆ ಮಗು ನನ್ನ ಹೆಸರು ಎತ್ತಲಿಲ್ಲ.